ಮೀನಿನ ಟ್ಯಾಂಕ್ ನೀರು ಅಕ್ಕಚ್ಚಿನ ಹಾಗಾಗಿದೆ, ಏನು ಮಾಡಲಿ?

ಪ್ರಶ್ನೆ: ಸರ್, ನಾವು ಮುಂಬೈಯ ಮುಲುಂಡ್‌ನಲ್ಲಿದ್ದೇವೆ. ಮಗನ ಹುಟ್ಟುಹಬ್ಬಕ್ಕೆ ಅಂತ ಎರಡಡಿಯ ಅಕ್ವೇರಿಯಂ ತಂದು 12 ದಿನ ಆಯಿತು. 6 ಗೋಲ್ಡ್‌ಫಿಶ್, 4 ಮಾಲಿ, 2 ಪುಟ್ಟ ಶಾರ್ಕ್ ಬಿಟ್ಟಿದ್ದೆವು. ಕೆಳಗೆ ಬಿಳಿ ಮಾರ್ಬಲ್ ಕಲ್ಲು ಹಾಕಿದ್ದೇವೆ. ಮೊದಲೆರಡು ದಿನ ನೀರು ಚೆನ್ನಾಗಿತ್ತು, ಮೂರನೇ ದಿನ ಅಕ್ಕಚ್ಚಿನ ಹಾಗೆ ಬೆಳ್ಳಗಾಯಿತು. ಎಲ್ಲ ಖಾಲಿ ಮಾಡಿ ಕಲ್ಲು, ಫಿಲ್ಟರ್, ಗಾಜು ತಿಕ್ಕಿ ತೊಳೆದು ಹೊಸ ನೀರು ತುಂಬಿದೆವು. ಎರಡೇ ದಿನಕ್ಕೆ ಮತ್ತೆ ಅದೇ ಕತೆ. ಹೀಗೆ ಮೂರು ಸಲ ಆಯಿತು. ಎರಡು ಗೋಲ್ಡ್‌ಫಿಶ್, ಒಂದು ಮಾಲಿ ಸತ್ತುಹೋದವು, ಮಗನಿಗೆ ತುಂಬ ಬೇಜಾರಾಗಿದೆ. ಅಂಗಡಿಯವನು ನೀಲಿ ಔಷಧಿ ಹಾಕಿ ಅನ್ನುತ್ತಾನೆ, ನಮ್ಮ ಭಾವ ಪಟಿಕ ಹಾಕಿ ಅನ್ನುತ್ತಾರೆ. ಸದ್ದಿಗೆ ಅತ್ತೆಗೆ ನಿದ್ದೆ ಬರುವುದಿಲ್ಲ ಅಂತ ರಾತ್ರಿ ಫಿಲ್ಟರ್ ಬಂದ್ ಮಾಡುತ್ತೇವೆ, ಅದರಿಂದ ಹೀಗಾಯ್ತಾ?

ಉತ್ತರ: ಮೊದಲು ತೊಳೆಯುವುದನ್ನು ನಿಲ್ಲಿಸಿ. ಇವತ್ತಿನಿಂದಲೇ. ನಿಮ್ಮ ನೀರು ಬೆಳ್ಳಗಾಗಿದ್ದು ನೀವು ಸರಿಯಾಗಿ ತೊಳೆಯದೆ ಇದ್ದದ್ದಕ್ಕಲ್ಲ. ಮೂರು ಸಲ ತಿಕ್ಕಿ ತೊಳೆದಿರಲ್ಲ, ಅದಕ್ಕೇ ಅದು ಮತ್ತೆ ಮತ್ತೆ ಬರುತ್ತಿದೆ. ಇನ್ನು ಮೀನು ಸತ್ತದ್ದು ಆ ಬಿಳಿ ಬಣ್ಣದಿಂದಲೂ ಅಲ್ಲ. ಆ ನೀರಿನಲ್ಲಿ ಕಣ್ಣಿಗೆ ಕಾಣದ ಇನ್ನೊಂದಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದು ಯಾವ ಮಬ್ಬು ಅಂತ ಖಚಿತ ಮಾಡಿಕೊಳ್ಳೋಣ. ಮನೆಯಲ್ಲಿ ಸಾದಾ ಗಾಜಿನ ಲೋಟ ಇದ್ದೇ ಇರುತ್ತದೆ. ಟ್ಯಾಂಕಿನ ಮಧ್ಯದಿಂದ ಒಂದು ಲೋಟ ನೀರು ತೆಗೆದು ಯಾರೂ ಅಲುಗಾಡಿಸದ ಜಾಗದಲ್ಲಿ ರಾತ್ರಿಯಿಡೀ ಇಡಿ. ಬೆಳಿಗ್ಗೆ ಹಿಂದೆ ಒಂದು ಬಿಳಿ ಹಾಳೆ ಹಿಡಿದು ನೋಡಿ. ತಳದಲ್ಲಿ ಸಣ್ಣ ಪುಡಿ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಅದು ಕಲ್ಲಿನ ಧೂಳು. ನೀರು ಹಸಿರು ಛಾಯೆಗೆ ತಿರುಗಿದ್ದರೆ ಪಾಚಿ, ಅಂದರೆ ಬಾಲ್ಕನಿ ಬಿಸಿಲು ಟ್ಯಾಂಕಿಗೆ ಬೀಳುತ್ತಿದೆ ಅಥವಾ ಲೈಟ್ ದಿನವಿಡೀ ಉರಿಯುತ್ತಿದೆ. ತೆಳು ಚಹಾದ ಬಣ್ಣ ಕಂಡರೆ ಅಲಂಕಾರಕ್ಕೆ ಹಾಕಿದ ಕಟ್ಟಿಗೆ ಬಣ್ಣ ಬಿಡುತ್ತಿದೆ, ಅದರಿಂದ ಮೀನಿಗೆ ತೊಂದರೆ ಇಲ್ಲ. ಏನೂ ಕೂರದೆ, ಬೆಳಿಗ್ಗೆಯೂ ಲೋಟದ ನೀರು ಹಾಗೇ ಹಾಲು ಬೆರೆಸಿದಂತೆ ಇದ್ದರೆ ಅದು ಬ್ಯಾಕ್ಟೀರಿಯಾ. ನೀವು ಹೇಳಿದ ಲಕ್ಷಣ ನೋಡಿದರೆ ನಿಮ್ಮದು ಇದೇ. ಧೂಳಾಗಿದ್ದರೆ ನೀರು ತುಂಬಿದ ಗಳಿಗೆಯಲ್ಲೇ ಮಬ್ಬಾಗಿ ಒಂದೆರಡು ದಿನದಲ್ಲಿ ತಿಳಿಯಾಗಬೇಕಿತ್ತು. ನಿಮ್ಮದು ಉಲ್ಟಾ, ಮೊದಲು ತಿಳಿಯಾಗಿದ್ದು ಮೂರನೇ ದಿನ ಬೆಳ್ಳಗಾಗಿದೆ.

ಬ್ಯಾಕ್ಟೀರಿಯಾ ಅಂದ ಕೂಡಲೇ ಗಾಬರಿ ಬೇಡ. ನೀವು ದಿನಾ ಮೊಸರಿಗೆ ಹೆಪ್ಪು ಹಾಕುವವರು, ದೋಸೆ ಹಿಟ್ಟು ಹುದುಗಿಸುವವರು. ಟ್ಯಾಂಕಿನಲ್ಲಿ ನಡೆಯುವುದೂ ಹೆಚ್ಚೂಕಡಿಮೆ ಅದೇ ಜಾತಿಯ ಕೆಲಸ. ಇಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಒಂದು ಅವಸರದ ಗುಂಪು. ಮಿಕ್ಕಿದ ಮೀನಿನ ತಿಂಡಿ, ಹಿಕ್ಕೆ, ಇಂಥದ್ದು ಸಿಕ್ಕಿದರೆ ಸಾಕು, ಅರ್ಧ ಗಂಟೆಗೋ ಒಂದು ಗಂಟೆಗೋ ಎರಡರಷ್ಟಾಗುತ್ತಾ ಹೋಗುತ್ತವೆ. ಇವು ನೀರಿನಲ್ಲಿ ತೇಲಿಕೊಂಡೇ ಇರುತ್ತವೆ. ಕೋಟಿಗಟ್ಟಲೆ ಆದಾಗ ನೀರು ಅಕ್ಕಚ್ಚಿನ ಹಾಗೆ ಕಾಣುತ್ತದೆ. ಮುಂಬೈಯ ಸೆಕೆಗೆ ದೋಸೆ ಹಿಟ್ಟು ರಾತ್ರಿ ಪಾತ್ರೆಯಿಂದ ಉಕ್ಕಿ ಹರಿಯುತ್ತದಲ್ಲ, ಅದೇ ಸೆಕೆ ಇವಕ್ಕೂ ಹಬ್ಬ.

ಇನ್ನೊಂದು ನಿಧಾನದ ಗುಂಪು. ನಮಗೆ ಬೇಕಾಗಿರುವುದು ಇದು. ಇವು ಎರಡರಷ್ಟಾಗಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನಕ್ಕಿಂತ ಜಾಸ್ತಿ ತೆಗೆದುಕೊಳ್ಳುತ್ತವೆ. ನೀರಿನಲ್ಲಿ ತೇಲುವುದು ಕಡಿಮೆ. ಫಿಲ್ಟರಿನ ಸ್ಪಂಜು, ಕಲ್ಲು, ಗಾಜಿನ ಒಳಮೈ, ಹೀಗೆ ಎಲ್ಲಾದರೂ ಅಂಟಿಕೊಂಡು ಕೂರುತ್ತವೆ. ಸ್ಪಂಜಿನ ಮೇಲೆ ಕೈ ಆಡಿಸಿದರೆ ಜಾರುವ ಒಂದು ಲೋಳೆ ಸಿಗುತ್ತದೆ, ಅದು ಕೊಳೆ ಅಂತ ನಾವು ತಿಕ್ಕುತ್ತೇವೆ. ಈಗ ಗೊತ್ತಾಯಿತಲ್ಲ ನೀವು ಮೂರು ಸಲ ಏನನ್ನು ತೊಳೆದು ಹಾಕಿದಿರಿ ಅಂತ? ನಿಧಾನದವರು ಒಂದಿಷ್ಟು ನೆಲೆ ಕಂಡುಕೊಳ್ಳುವ ಹೊತ್ತಿಗೆ ಎಬ್ಬಿಸಿ ಓಡಿಸಿದಿರಿ. ಅವಸರದವರು ಮಾತ್ರ ಹೊಸ ನೀರಿಗೆ ಎರಡೇ ದಿನದಲ್ಲಿ ವಾಪಸ್ ಬಂದರು.

ಈಗ ಆ ಕಣ್ಣಿಗೆ ಕಾಣದ ವಿಷಯ. ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಕೊಳೆತ ತಿಂಡಿಯಿಂದ ನೀರಿಗೆ ಅಮೋನಿಯಾ ಸೇರುತ್ತಲೇ ಇರುತ್ತದೆ. ನಿಧಾನದ ಗುಂಪಿನಲ್ಲಿ ಒಂದು ಪಂಗಡ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಪಂಗಡ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಅಮೋನಿಯಾ ವಿಷ, ಕಿವಿರನ್ನು ಸುಡುತ್ತದೆ. ನೈಟ್ರೈಟ್ ಕೂಡ ವಿಷವೇ, ರಕ್ತ ಆಮ್ಲಜನಕ ಹೊರುವುದನ್ನೇ ತಪ್ಪಿಸುತ್ತದೆ. ಕೊನೆಗೆ ಬರುವ ನೈಟ್ರೇಟ್ ಮಾತ್ರ ಒಂದು ಮಟ್ಟದವರೆಗೆ ಪರವಾಗಿಲ್ಲ, ವಾರಕ್ಕೊಮ್ಮೆ ಸ್ವಲ್ಪ ನೀರು ಬದಲಿಸಿದರೆ ಹೋಗುತ್ತದೆ. ಹಳೆಯ ಪುಸ್ತಕಗಳಲ್ಲೆಲ್ಲ ಈ ಎರಡನೇ ಕೆಲಸ ಮಾಡುವುದು ನೈಟ್ರೋಬ್ಯಾಕ್ಟರ್ ಅಂತಲೇ ಬರೆದಿರುತ್ತಿತ್ತು. ಸಿಹಿನೀರಿನ ಅಕ್ವೇರಿಯಂಗಳಲ್ಲಿ ಈ ಕೆಲಸ ಮಾಡುವುದು ಹೆಚ್ಚಾಗಿ ನೈಟ್ರೋಸ್ಪೈರಾ ಅಂತ 1998ರಲ್ಲಿ ತೋರಿಸಿದರು. ಹೆಸರು ಯಾವುದಾದರೂ ಇರಲಿ, ಈ ಎರಡೂ ಪಂಗಡ ಸರಿಯಾಗಿ ನೆಲೆ ನಿಲ್ಲಲು 4ರಿಂದ 6 ವಾರ ಬೇಕು. ನಿಮ್ಮ ಟ್ಯಾಂಕಿಗೆ 12 ದಿನ ಅಂತೀರಿ. ಲೆಕ್ಕದಲ್ಲಿ ಅದಕ್ಕೆ ಕೊನೆಯ ಸಲ ತೊಳೆದಾಗಿನಿಂದ ಮಾತ್ರ ವಯಸ್ಸು.

ಹಾಗಾಗಿ ನಿಮ್ಮ ಮೀನು ಸತ್ತದ್ದಕ್ಕೆ ನನ್ನ ಅನುಮಾನ ಅಮೋನಿಯಾದ ಮೇಲೆ, ಜೊತೆಗೆ ದಿಢೀರಂತ ಪೂರ್ತಿ ನೀರು ಬದಲಾದ ಆಘಾತ. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವಾ? ಕಿವಿರು ಕೆಂಪಗೆ ಊದಿದಂತೆ ಇತ್ತಾ? ಅದೇ ಗುರುತು. ಸುಮ್ನೆ ಊಹೆ ಮಾಡುವುದು ಬೇಡ, ಅಮೋನಿಯಾ, ನೈಟ್ರೈಟ್ ಎರಡನ್ನೂ ಅಳೆಯುವ ಟೆಸ್ಟ್ ಕಿಟ್ ತನ್ನಿ. ಹನಿ ಹಾಕಿ ಬಣ್ಣ ನೋಡುವ ಬಗೆಯದು ತನ್ನಿ, ಪಟ್ಟಿ ಅದ್ದುವ ಬಗೆಯನ್ನು ನಾನು ಅಷ್ಟು ನಂಬುವುದಿಲ್ಲ. ಕ್ರಾಫರ್ಡ್ ಮಾರ್ಕೆಟ್ ಕಡೆ ಹೋದರೆ ಸಾಲು ಸಾಲು ಮೀನಿನ ಅಂಗಡಿ, ಕೇಳಿದರೆ ಸಿಗುತ್ತದೆ. ನೀರು ಸ್ವಚ್ಛವಾಗಿ ಕಂಡರೂ ಅಮೋನಿಯಾ ಜಾಸ್ತಿ ಇರಬಹುದು, ಬೆಳ್ಳಗಿದ್ದರೂ ಕಡಿಮೆ ಇರಬಹುದು. ಕಣ್ಣಿನ ಮಾತು ಇಲ್ಲಿ ನಡೆಯುವುದಿಲ್ಲ.

ನೀರು ಬದಲಿಸಬೇಕೋ ಬೇಡವೋ ಅನ್ನುವುದನ್ನೂ ಈ ಕಿಟ್ ಹೇಳಲಿ, ಬಿಳಿ ಬಣ್ಣ ಹೇಳುವುದು ಬೇಡ. ಅಮೋನಿಯಾ 0.25 ಪಿಪಿಎಂ (ಅಂದರೆ ಲೀಟರಿಗೆ ಅಷ್ಟು ಮಿಲಿಗ್ರಾಂ) ಒಳಗಿದ್ದರೆ ಸುಮ್ಮನೆ ಕೂರಿ. 0.5 ಅಥವಾ ಅದಕ್ಕಿಂತ ಮೇಲೆ ಬಂದರೆ ಕಾಲು ಭಾಗ ನೀರು ತೆಗೆದು ಅಷ್ಟೇ ಹೊಸದು ಹಾಕಿ. ಬೇಕಾದರೆ ದಿನಾ ಮಾಡಿ, ಆದರೆ ಕಾಲು ಭಾಗ ಮಾತ್ರ. ಕಲ್ಲು ಮುಟ್ಟಬೇಡಿ, ಗಾಜಿನ ಒಳಗೆ ಕೈ ಹಾಕಬೇಡಿ. ಎರಡು ವಾರದ ನಂತರ ಅಮೋನಿಯಾ ಇಳಿದು ನೈಟ್ರೈಟ್ ಏರುವ ಘಟ್ಟ ಬರುತ್ತದೆ. ಆಗ ಒಂದು ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ ಕಲ್ಲುಪ್ಪನ್ನು ಒಂದು ಮಗ್ ನೀರಿನಲ್ಲಿ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಹಾಕಿ. ಉಪ್ಪಿನಲ್ಲಿರುವ ಕ್ಲೋರೈಡ್ ನೈಟ್ರೈಟನ್ನು ಕಿವಿರಿನ ಒಳಗೆ ಸುಲಭವಾಗಿ ಬಿಡುವುದಿಲ್ಲ. ಗೋಲ್ಡ್‌ಫಿಶ್, ಮಾಲಿ ಎರಡೂ ಅಷ್ಟು ಉಪ್ಪನ್ನು ಆರಾಮಾಗಿ ತಡೆದುಕೊಳ್ಳುತ್ತವೆ. ನಿಮ್ಮ ಎರಡಡಿ ಟ್ಯಾಂಕ್, ಒಂದಡಿ ಅಗಲ ಒಂದಡಿ ಎತ್ತರ ಅಂತ ಹಿಡಿದರೆ, ಲೆಕ್ಕಕ್ಕೆ 56 ಲೀಟರ್. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ನಿಜವಾಗಿ 45 ಇರಬಹುದು. ಹಾಗಾಗಿ ಉಪ್ಪು 45 ಗ್ರಾಂ ಸಾಕು.

ಇನ್ನು ಆ ಬಿಳಿ ಮಾರ್ಬಲ್ ಕಲ್ಲು. ನೋಡಲು ಚೆಂದ, ಅಂಗಡಿಯವರಿಗೂ ಅದೇ ಇಷ್ಟ. ಒಂದು ಕಲ್ಲು ತೆಗೆದು ಒರೆಸಿ ಅದರ ಮೇಲೆ ನಿಂಬೆ ರಸ ನಾಲ್ಕು ಹನಿ ಹಿಂಡಿ, ಕಿವಿ ಹತ್ತಿರ ಹಿಡಿಯಿರಿ. ಚುರ್ ಅಂತ ಸಣ್ಣ ಸದ್ದು, ಮೇಲೆ ಸೂಜಿ ಮೊನೆಯಷ್ಟು ಗುಳ್ಳೆ ಬಂದರೆ ಅದು ಸುಣ್ಣದ ಕಲ್ಲು. ಮುಂಬೈಗೆ ಬರುವುದು ತಾನ್ಸಾ, ವೈತರಣಾ, ಭಾತ್ಸಾ ಕಡೆಯ ಕೆರೆಗಳಲ್ಲಿ ನಿಂತ ಮಳೆ ನೀರು, ಮೆದು ನೀರು, ಅಂದರೆ ಲವಣ ಕಡಿಮೆ ಇರುವ ನೀರು. ಆ ನೀರಿನಲ್ಲಿ ಈ ಕಲ್ಲು ನಿಧಾನವಾಗಿ ಕರಗಿ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಏರಿಸುತ್ತದೆ. ಏರಿದರೆ ಏನಂತೆ ಅಂದರೆ, ಅಮೋನಿಯಾಕ್ಕೆ ಎರಡು ರೂಪ, ಒಂದು ಸಾಧು, ಒಂದು ವಿಷ. ಪಿಎಚ್ 7ರಿಂದ 8ಕ್ಕೆ ಹೋದರೆ ವಿಷದ ಪಾಲು ಸುಮಾರು 10 ಪಟ್ಟಾಗುತ್ತದೆ. ನೀರು ಬಿಸಿಯಾದರೂ ಆ ಪಾಲು ಏರುತ್ತದೆ. ಹಾಗಾಗಿ ಕಿಟ್‌ನಲ್ಲಿ ಒಂದೇ ಅಂಕಿ ಬಂದರೂ ಪಕ್ಕದ ಮನೆಯ ಮೀನು ಬದುಕಬಹುದು, ನಿಮ್ಮದು ಸಾಯಬಹುದು. ಹಾಗಂತ ಈಗಲೇ ಕಲ್ಲು ಪೂರ್ತಿ ತೆಗೆದು ಹಾಕಬೇಡಿ, ಮತ್ತೆ ಎಲ್ಲ ಕಲಕಿ ಹೋಗುತ್ತದೆ. ಎರಡು ತಿಂಗಳಾಗಲಿ, ಆಮೇಲೆ ವಾರಕ್ಕೆ ಒಂದೊಂದು ಹಿಡಿ ತೆಗೆದು ಸಾದಾ ನದಿಯ ಸಣ್ಣ ಕಲ್ಲು ಹಾಕುತ್ತಾ ಬನ್ನಿ. ಹಾಕುವ ಮುಂಚೆ ಬಕೆಟ್‌ನಲ್ಲಿ ಅಕ್ಕಿ ತೊಳೆದ ಹಾಗೆ ಕೈಯಲ್ಲಿ ಕಲಕಿ, ಮೇಲಿನ ನೀರು ತಿಳಿಯಾಗುವವರೆಗೆ ತೊಳೆಯಿರಿ. ಸೋಪು ಮಾತ್ರ ಮುಟ್ಟಿಸಬೇಡಿ.

ರಾತ್ರಿ ಫಿಲ್ಟರ್ ಬಂದ್ ಮಾಡುವುದರಿಂದ ಹೀಗಾಯ್ತಾ ಅಂತ ಕೇಳಿದ್ದೀರಿ. ಹೌದು, ತೊಳೆದದ್ದರ ಜೊತೆಗೆ ಅದರದೂ ಪಾಲಿದೆ. ಅಂಟಿ ಕೂತ ಆ ನಿಧಾನದ ಗುಂಪಿಗೆ ಉಸಿರು ಬೇಕು, ಅದು ಸ್ಪಂಜಿನೊಳಗೆ ಹರಿಯುವ ನೀರಿನಿಂದಲೇ ಬರಬೇಕು. ಎಂಟು ಗಂಟೆ ಬಂದ್ ಮಾಡಿದರೆ ಸ್ಪಂಜಿನ ಒಳಗಡೆ ಉಸಿರು ಕಟ್ಟುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದಾಗ ಒಳಗೆ ಕೊಳೆತದ್ದೆಲ್ಲ ಟ್ಯಾಂಕಿಗೆ ಬರುತ್ತದೆ. ಅಷ್ಟೇ ಅಲ್ಲ, ನೀರನ್ನು ಬೆಳ್ಳಗೆ ಮಾಡಿದ ಅವಸರದ ಗುಂಪು ಕೂಡ ಆಮ್ಲಜನಕ ತಿನ್ನುತ್ತದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕರಗುವುದೇ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ. ಮುಂಬೈಯ ಹಾಲ್‌ನಲ್ಲಿ ಟ್ಯಾಂಕ್ ನೀರು 30ರ ಹತ್ತಿರ ಇರುವುದು ದೊಡ್ಡ ಮಾತಲ್ಲ. (ಹೀಟರ್ ಕೊಂಡಿದ್ದರೆ ವಾಪಸ್ ಕೊಡಿ. ಇಲ್ಲಿ ಅದರ ಅಗತ್ಯ ಬೀಳುವುದು ಅಪರೂಪ.)

ಆದರೆ ಅತ್ತೆಯ ನಿದ್ದೆಯೂ ಮುಖ್ಯ, ಅದಕ್ಕೊಂದು ದಾರಿ ಮಾಡೋಣ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಕಿವಿಗೊಟ್ಟು ಕೇಳಿ. ಗೊಳಗೊಳ ಅಂತ ನೀರು ಬೀಳುವ ಸದ್ದಾದರೆ ನೀರಿನ ಮಟ್ಟ ಒಂದೆರಡು ಇಂಚು ಏರಿಸಿ, ಫಿಲ್ಟರಿನ ಬಾಯಿ ನೀರಿಗೆ ತಾಗುವಷ್ಟಿದ್ದರೆ ಸದ್ದು ಅರ್ಧ ಇಳಿಯುತ್ತದೆ. ಕರಕರ ಅಂದರೆ ಮೋಟರಿನ ಪುಟ್ಟ ಚಕ್ರಕ್ಕೆ ಮಾರ್ಬಲ್ ಚೂರು ಸಿಕ್ಕಿಕೊಂಡಿದೆ, ಬಿಚ್ಚಿ ತೆಗೆಯಿರಿ. ಜುಂಯ್ ಅನ್ನುವುದು ಏರ್ ಪಂಪಾದರೆ ಅದು ಮೇಜನ್ನು ನಡುಗಿಸುತ್ತಿದೆ. ಹಳೆ ಹವಾಯಿ ಚಪ್ಪಲಿಯ ಅಡಿ ಕತ್ತರಿಸಿ ಅದರ ಕೆಳಗಿಡಿ, ಇಲ್ಲವೇ ಗೋಡೆಯ ಮೊಳೆಗೆ ದಾರ ಕಟ್ಟಿ ತೂಗಿಬಿಡಿ. ನಮ್ಮ ಮನೆಯಲ್ಲಿ ಎಂಟು ವರ್ಷದಿಂದ ಚಪ್ಪಲಿ ಮೇಲೇ ಇದೆ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಟ್ಟರೆ ಕರೆಂಟ್ ಹೋದಾಗ ಪೈಪಿನಲ್ಲಿ ನೀರು ಹಿಂದಕ್ಕೆ ಬಂದು ಪಂಪ್ ಸುಡುವ ಭಯವೂ ಇಲ್ಲ.

ಔಷಧಿ ವಿಷಯಕ್ಕೆ ಬರೋಣ. ಅಂಗಡಿಯವರು ಕೊಡುವ ನೀಲಿ ಬಾಟಲಿ ಸಾಮಾನ್ಯವಾಗಿ ಮಿಥಿಲೀನ್ ಬ್ಲೂ. ಬೂಸ್ಟು ಹಿಡಿದ ಮೀನನ್ನು ಬೇರೆ ಬಕೆಟ್‌ನಲ್ಲಿ ಇಟ್ಟು ಕೊಡುವ ಔಷಧಿ ಅದು, ಒಳ್ಳೆಯದೇ. ಟ್ಯಾಂಕಿಗೆ ಸುರಿದರೆ ನಾವು ಕಷ್ಟಪಟ್ಟು ಬೆಳೆಸುತ್ತಿರುವ ನಿಧಾನದ ಗುಂಪಿಗೇ ಏಟು ಬೀಳುತ್ತದೆ. ಮೂಲೆಯ ಸಿಲಿಕಾನ್ ಗಮ್ ನೀಲಿಯಾಗಿ ಹಾಗೇ ಉಳಿಯುತ್ತದೆ, ನೀರು ನೀಲಿಯಾದ್ದರಿಂದ ಬಿಳಿ ಕಾಣುವುದಿಲ್ಲ ಅಷ್ಟೇ. ನಿಮ್ಮ ಭಾವನವರ ಪಟಿಕ ಊರಿನ ನೆನಪು. ಮಳೆಗಾಲದಲ್ಲಿ ಕೆಂಪಾದ ಬಾವಿ ನೀರಿಗೆ ನಮ್ಮಜ್ಜಿಯೂ ಕೊಡಪಾನದಲ್ಲಿ ಪಟಿಕ ತಿರುಗಿಸುತ್ತಿದ್ದರು. ಮಣ್ಣು ಕೂರಿಸಲು ಅದು ಸರಿ. ಮೆದು ನೀರಿನ ಟ್ಯಾಂಕಿನಲ್ಲಿ ಮಾತ್ರ ಪಟಿಕ ಪಿಎಚ್ ಅನ್ನು ಸರ್ರಂತ ಇಳಿಸಬಲ್ಲದು, ಆಗ ಅದರಲ್ಲಿನ ಅಲ್ಯೂಮಿನಿಯಂ ಮೀನಿನ ಕಿವಿರಿಗೆ ಹತ್ತುತ್ತದೆ. ಬೇಡ. ನೀರು ತಿಳಿ ಮಾಡುವ ಹನಿ ಅಂತ ಸಿಗುವುದೂ ತೇಲುವುದನ್ನು ಮುದ್ದೆ ಮಾಡಿ ಕೂರಿಸುತ್ತದೆಯೇ ಹೊರತು ಕಾರಣ ಹೋಗುವುದಿಲ್ಲ, ನಾನಂತೂ ದುಡ್ಡು ಕೊಡುವುದಿಲ್ಲ.

ನೀವು ನಿಜವಾಗಿ ಇಟ್ಟುಕೊಳ್ಳಬೇಕಾದ ಬಾಟಲಿ ಒಂದೇ, ಆಂಟಿ-ಕ್ಲೋರಿನ್. ನಲ್ಲಿ ನೀರಿನ ಕ್ಲೋರಿನ್ ನಮ್ಮನ್ನು ಕಾಯುವುದು ಬ್ಯಾಕ್ಟೀರಿಯಾ ಕೊಂದು. ಟ್ಯಾಂಕಿಗೆ ಹೋದರೆ ಅಲ್ಲೂ ಅದೇ ಕೆಲಸ ಮಾಡುತ್ತದೆ, ಮೀನಿನ ಕಿವಿರನ್ನೂ ಬಿಡುವುದಿಲ್ಲ. ಸೊಸೈಟಿಯ ಮೇಲಿನ ಟ್ಯಾಂಕಿಯಲ್ಲಿ ಇಡೀ ದಿನ ನಿಂತ ನೀರಿನಲ್ಲಿ ಕಡಿಮೆಯಾಗಿರಬಹುದು, ಆದರೆ ನಲ್ಲಿ ಬಿಟ್ಟರೆ ಮೂಗಿಗೆ ಬಡಿಯುವ ದಿನಗಳೂ ಇರುತ್ತವೆ. ಬಕೆಟ್‌ಗೆ ಬಾಟಲಿ ಮೇಲೆ ಬರೆದಷ್ಟು ಹನಿ ಹಾಕಿ, ಕಲಕಿ, ಆಮೇಲೆ ಟ್ಯಾಂಕಿಗೆ. ನನ್ನ ಮೊದಲ ವರ್ಷದ ಕತೆ ಹೇಳಿಬಿಡುತ್ತೇನೆ. ಆಗ ಕುರ್ಲಾದ ಬಾಡಿಗೆ ಮನೆಯಲ್ಲಿದ್ದೆ. ನಾಲ್ಕು ತಿಂಗಳು ಚೆನ್ನಾಗಿ ನಡೆದ ಟ್ಯಾಂಕು, ಗಣಪತಿ ಹಬ್ಬಕ್ಕೆ ನೆಂಟರು ಬರುತ್ತಾರೆ ಅಂತ ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಬೆಳ್ಳಗಾಗುವವರೆಗೆ ಹಿಂಡಿದೆ. ಮೂರನೇ ದಿನಕ್ಕೆ ನೀರು ಹಾಲು, ಐದನೇ ದಿನಕ್ಕೆ ಒಂಬತ್ತು ಟೆಟ್ರಾ ಸತ್ತಿದ್ದವು. ನೆಂಟರು ನೋಡಿದ್ದು ಖಾಲಿ ಟ್ಯಾಂಕು. ಆಮೇಲಿನಿಂದ ಸ್ಪಂಜು ಹಿಂಡುವುದು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ, ಅದೂ ಹರಿವು ಕಡಿಮೆಯಾದಾಗ ಎರಡು ಸಲ ಒತ್ತಿ ಬಿಡುವುದು, ಅಷ್ಟೇ.

ಮೀನಿನ ಸಂಖ್ಯೆ ಬಗ್ಗೆ ಬೇಜಾರು ಮಾಡಿಕೊಳ್ಳಬೇಡಿ, ಅಂಗಡಿಯವನು ನಿಮಗೆ ಮಾರಿದ್ದು ತಪ್ಪು. 45 ಲೀಟರಿಗೆ 12 ಮೀನು, ಅದರಲ್ಲೂ ಗೋಲ್ಡ್‌ಫಿಶ್ ತಿನ್ನುವುದೂ ಜಾಸ್ತಿ, ಹಿಕ್ಕೆ ಹಾಕುವುದೂ ಜಾಸ್ತಿ, ಮೇಲಾಗಿ ಅದು ತಂಪು ನೀರಿನ ಮೀನು. ಶಾರ್ಕ್ ಅಂತ ಕೊಟ್ಟದ್ದು ಪಂಗಾಸ್ ಮರಿಯೇ ಇರಬೇಕು. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುತ್ತದಲ್ಲ, ಅದರ ಕುಲ. ಬೆಳೆದರೆ ಮೂರಡಿ ದಾಟುತ್ತದೆ, ನಿಮ್ಮ ಟ್ಯಾಂಕೇ ಎರಡಡಿ. ಶಾರ್ಕ್ ಎರಡನ್ನೂ, ಸಾಧ್ಯವಾದರೆ ಎರಡು ಗೋಲ್ಡ್‌ಫಿಶ್ ಅನ್ನೂ ಅಂಗಡಿಗೆ ವಾಪಸ್ ಕೊಡಿ. ದುಡ್ಡು ಕೊಡದಿದ್ದರೂ ತೆಗೆದುಕೊಳ್ಳುತ್ತಾರೆ. ಪವಾಯಿ ಕೆರೆಗೆ ಬಿಡುವ ಪುಣ್ಯದ ಕೆಲಸ ಮಾತ್ರ ಮಾಡಬೇಡಿ, ಹೊರಗಿನ ಮೀನು ಕೆರೆಯ ಮೀನಿಗೆ ಕಂಟಕ. ಟ್ಯಾಂಕ್ ಕ್ಲೀನ್ ಮಾಡುತ್ತದೆ ಅಂತ ಸಕರ್ ಮೀನು ಕೊಟ್ಟರೆ ಅದೂ ಬೇಡ. ಅದು ಬಿಳಿ ನೀರನ್ನು ತಿನ್ನುವುದಿಲ್ಲ, ಇನ್ನಷ್ಟು ಹಿಕ್ಕೆ ಹಾಕುತ್ತದೆ.

ತಿಂಡಿ ಈಗ ಎರಡು ದಿನ ಪೂರ್ತಿ ಬಂದ್. ಮಗ ಅಳಬಹುದು, ಮೀನಿಗೆ ಏನೂ ಆಗುವುದಿಲ್ಲ. ಆಮೇಲೆ ದಿನ ಬಿಟ್ಟು ದಿನ ಒಂದು ಚಿಟಿಕೆ, ಎರಡು ನಿಮಿಷದಲ್ಲಿ ಮುಗಿಸುವಷ್ಟು. ಮಿಕ್ಕಿದ್ದನ್ನು ಬಲೆಯಿಂದ ತೆಗೆಯಿರಿ. ಲೈಟ್ ದಿನಕ್ಕೆ ಆರು ಗಂಟೆ ಸಾಕು. ಅಡುಗೆಮನೆ ಕಿಟಕಿಯಲ್ಲಿ ಮನಿ ಪ್ಲಾಂಟ್ ಇದ್ದರೆ ಒಂದು ಬಳ್ಳಿ ಕತ್ತರಿಸಿ, ಬೇರು ಬರುವ ಗಂಟು ಮಾತ್ರ ನೀರಿನಲ್ಲಿ, ಎಲೆ ಹೊರಗೆ ಇರುವಂತೆ ಟ್ಯಾಂಕಿನ ಹಿಂಬದಿಗೆ ಸಿಕ್ಕಿಸಿ. ಬೇರು ಬಿಟ್ಟ ಮೇಲೆ ಅದು ಅಮೋನಿಯಾ, ನೈಟ್ರೇಟ್ ಎರಡನ್ನೂ ಹೀರುತ್ತದೆ.

ಇಷ್ಟು ಮಾಡಿದರೆ ಬಿಳಿ ಮಬ್ಬು ಸಾಮಾನ್ಯವಾಗಿ ಒಂದು ವಾರ, ಹತ್ತು ದಿನದಲ್ಲಿ ತಾನಾಗಿ ಹೋಗುತ್ತದೆ. ತಿನ್ನಲು ಸಿಗದೆ ಅವಸರದವರು ಕಡಿಮೆಯಾಗುತ್ತಾರೆ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಗೋಡೆಯ ಕ್ಯಾಲೆಂಡರಿನ ತಾರೀಕು ಟ್ಯಾಂಕಿನೊಳಗಿಂದ ಓದಲು ಬರುತ್ತದೆ. ಆಗ ಖುಷಿಯಲ್ಲಿ ಹೊಸ ಮೀನು ತರಬೇಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ಒಂದು ವಾರ ಹಾಗೇ ನಿಲ್ಲಲಿ.

ಇನ್ನೂ ಬೇಗ ಆಗಬೇಕು ಅಂದರೆ ಒಂದೇ ಒಂದು ಅಡ್ಡದಾರಿ, ಹೆಪ್ಪು. ಮೊಸರಿಲ್ಲದ ಮನೆಯವರು ಪಕ್ಕದ ಮನೆಯಿಂದ ಒಂದು ಚಮಚ ತರುವುದಿಲ್ವಾ, ಹಾಗೆ. ನಿಮ್ಮ ಬಿಲ್ಡಿಂಗಿನಲ್ಲೋ ಪರಿಚಯದವರಲ್ಲೋ ಆರು ತಿಂಗಳಿಂದ ಚೆನ್ನಾಗಿ ನಡೆಯುತ್ತಿರುವ ಟ್ಯಾಂಕ್ ಇದ್ದರೆ, ಅವರ ಫಿಲ್ಟರಿನ ಹಳೆ ಸ್ಪಂಜಿನ ಒಂದು ತುಂಡು ಕೇಳಿ. ಕಾಯಿಲೆ ಮೀನು ಇರುವ ಟ್ಯಾಂಕಿನದ್ದು, ಅಂಗಡಿಯ ಟ್ಯಾಂಕಿನದ್ದು ಬೇಡ. ಕೊಳಕಾಗಿದೆ ಅಂತ ಅವರು ನಾಚಿಕೊಂಡು ತೊಳೆದು ಕೊಡಲು ಹೊರಡುತ್ತಾರೆ, ತಡೆಯಿರಿ. ಸ್ಟೀಲ್ ಡಬ್ಬಿಯಲ್ಲಿ ಅವರ ಟ್ಯಾಂಕಿನದೇ ನೀರು ಅರ್ಧ ತುಂಬಿ, ಅದರಲ್ಲಿ ಮುಳುಗಿಸಿ, ಮುಚ್ಚಳ ಬಿಗಿ ಮಾಡದೆ ತನ್ನಿ. ಲೋಕಲ್‌ನಲ್ಲಿ ಬರುವುದಾದರೆ ಡಬ್ಬಿ ತೊಡೆ ಮೇಲೇ ಇರಲಿ. ಮನೆಗೆ ಬಂದ ಕೂಡಲೇ ಹಿಂಡದೆ, ತೊಳೆಯದೆ ನಿಮ್ಮ ಫಿಲ್ಟರಿನ ಸ್ಪಂಜಿಗೆ ಒತ್ತಿ ಒಳಗೆ ಸೇರಿಸಿಬಿಡಿ.